ತರಗಿನ ಬೆಂಕಿಗೆ ಬಂದ ಬೀಗರು

ನಿಂಗಾಜಮ್ಮನ ಕಬ್ಬಿನ ಗದ್ದೆ, ಅವಳ ಬೀಗ ಮಾಯಿಗೌಡನ ಗದ್ದೆ, ಎರಡೂ ಒಂದೇ ಬದುವಿನ ಆಚೆ ಈಚೆ. ಮಗಳು ರತ್ನಿಯನ್ನು ಕೊಟ್ಟಿದ್ದು ಅವನ ಮನೆಗೇ. ಕಬ್ಬು ಕಡಿದ ಮೇಲೆ ಒಣ ತರಗಿಗೆ ಬೆಂಕಿ ಇಡುವುದು ಆ ಊರಿನ ರೂಢಿ. ಒಬ್ಬರ ಗದ್ದೆ ಉರಿಯುವಾಗ ಉಳಿದವರೆಲ್ಲ, ಕಿಡಿ ಪಕ್ಕದ ಗದ್ದೆಗೆ ಹಾರಿದರೆ ಬಡಿದು ಆರಿಸಲು, ಹಸಿ ಹೊಂಗೆ ಕೊಂಬೆ ಹಿಡಿದು ಬದುವಿನ ಮೇಲೆ ಕಾವಲು ನಿಲ್ಲಬೇಕು. ಸಾವಿನ ಮನೆಗೆ ಬರದಿದ್ದರೂ ನಡೆದೀತು, ಇದಕ್ಕೆ ಬರದವರನ್ನು ಜನ ಜನ್ಮವಿಡೀ ಆಡಿಕೊಳ್ಳುತ್ತಾರೆ.

ಹೋದ ಸಲ ನಿಂಗಾಜಮ್ಮನ ಗದ್ದೆಯ ಒಂದು ಮೂಲೆ ಹಸಿಯಿದ್ದು ಸುಡಲಿಲ್ಲ. ಆ ಮೂಲೆಯಲ್ಲಿ ಮರಳಿ ಚಿಗುರಿದ ಕೂಳೆ ಕಬ್ಬೇ ಆಳೆತ್ತರ ಬಂತು. ಸುಟ್ಟ ಕಡೆಯದು ನೀರು ಕುಡಿದೂ ಕುಡಿದೂ ಸೊರಗಿತು. ಈ ಸಲ ಕಡ್ಡಿ ಗೀರಬಾರದು ಎಂದು ಅವಳು ಮನಸ್ಸು ಮಾಡಿದಳು. ಆದರೆ ಬೀಗರು ಮುನಿದರೆ? ಗದ್ದೆಯ ಸಿಟ್ಟನ್ನು ಅಡುಗೆಮನೆಯಲ್ಲಿ ಮಗಳ ಮೇಲೆ ತೀರಿಸುತ್ತಾರೆ. ಹಿಂದೆ ಸುಡೋದಿಲ್ಲ ಅಂದವನೊಬ್ಬನ ಮೊಮ್ಮಗನ ನಾಮಕರಣಕ್ಕೆ ಅರ್ಧ ಊರು ಬರಲಿಲ್ಲ. ಮಾಡಿಟ್ಟ ಒಬ್ಬಟ್ಟನ್ನು ಎಮ್ಮೆ ತಿಂದಿತು. ಆ ಸುದ್ದಿಯನ್ನು ಬಾಯಿ ಚಪ್ಪರಿಸಿ ಊರೆಲ್ಲ ಹಂಚಿದವಳೂ ಈ ನಿಂಗಾಜಮ್ಮನೇ.

ಅವಳ ಗದ್ದೆ ಸುಡಲು ಗೊತ್ತು ಮಾಡಿದ ದಿನ ಎಲ್ಲರೂ ಕೊಂಬೆ ಹಿಡಿದು ಬಂದರು. ಮಾಯಿಗೌಡ ಬೆಂಕಿಪೊಟ್ಟಣ ತೆಗೆದ. ನಿಂಗಾಜಮ್ಮ ಅಡ್ಡ ನಿಂತಳು.

"ಬೀಗರೇ, ನಾನು ಸುಡಕ್ಕಿಲ್ಲ. ಬಂದೋರು ಹಂಗೇ ಹೋಗಬ್ಯಾಡಿ, ಕೊಂಬೆ ಬಿಸಾಕಿ ತರಗ ಸಾಲಿಗೆ ಎಳೀರಿ, ಅಲ್ಲೇ ಕೊಳೆತು ಗೊಬ್ಬರ ಆಗ್ಲಿ. ನಾಳೆ ನಿಮ್ಮ ಗದ್ದೇಲಿ ನಾನೂ ಎಳೀತೀನಿ. ಸಿಟ್ಟಿದ್ರೆ ನನ್ನ ಮ್ಯಾಲೆ ತೀರಿಸ್ಕಳಿ, ನನ್ನ ಮಗಳ ಮ್ಯಾಲಲ್ಲ."

ಮಾಯಿಗೌಡನ ಮೀಸೆ ಅದುರಿತು. ಬೀಗತನ ಇವತ್ತಿಗೆ ಮುರೀತು ಅಂತ ಜನ ಕಿವಿ ನೆಟ್ಟಗೆ ಮಾಡಿಕೊಂಡರು. ಅಷ್ಟರಲ್ಲಿ ಅವನ ಹೆಂಡತಿ ಕೆಂಚಮ್ಮ ಬಾಯಿ ಬಿಟ್ಟಳು.

"ಸುಮ್ಕಿರಿ ಸಾಕು. ಹೋದ್ವರ್ಸ ಹೊಗೆ ಕುಡ್ದು ಕೆಮ್ಮುತ್ತಾ ಏನಂದ್ರಿ? ಸುಡೋದು ನಂಗೂ ಬ್ಯಾಡ, ಬಿಟ್ರೆ ಬೀಗಿತ್ತಿ ಏನನ್ಕತ್ತಾಳೋ ಅಂತ ಅನ್ನಲಿಲ್ವಾ?"

ಬದುವಿನ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ತಾನು ಸುಟ್ಟಿದ್ದು ಅಣ್ಣನ ಮುಲಾಜಿಗೆ ಅಂದ ಒಬ್ಬ. ಅಣ್ಣನೋ, ಭಾವನ ಕಡೆ ಕೈ ತೋರಿಸಿದ. ಮಾಯಿಗೌಡ ಗಂಟುಮೋರೆಯಲ್ಲೇ ಪಂಚೆ ಎತ್ತಿ ಕಟ್ಟಿ, ಎರಡು ತೋಳು ತುಂಬ ತರಗು ತಬ್ಬಿಕೊಂಡ.

"ಎಲ್ಲಿ ಹಾಕ್ಲಿ, ಹೇಳವ್ವ," ಎಂದ.

ನೀತಿ: ನಂಟರು ಏನಂದುಕೊಳ್ಳುತ್ತಾರೋ ಎಂದು ಅಂಜಿ ನೆಲ ಸುಡಬೇಡಿ, ಅವರನ್ನೇ ಬಾಯಿ ಬಿಟ್ಟು ಕೇಳಿ. ಕೆಟ್ಟ ರೂಢಿಗೆ ಕಟ್ಟಿಹಾಕಿದ ನಂಟೇ ಒಳ್ಳೆಯ ಕೆಲಸಕ್ಕೂ ಹೆಗಲು ಕೊಡುತ್ತದೆ. ಮೊದಲು ಒಲ್ಲೆ ಅನ್ನುವವರು ಒಬ್ಬರು ಬೇಕು, ಅಷ್ಟೆ.