ಕೆಂಪಾಗದ ಕಣ್ಣು

"ಮೇಷ್ಟ್ರೇ, ಫೋಟೊಗ್ರಫಿಯ ಈ ಪದಗಳಿಂದ ಜನರಿಗೆ ಉಪಯೋಗ ಇದೆಯೇ? ಅಥವಾ ಬರೀ ಗೊಂದಲವೇ?"

ಚಾರುಮತಿ ಹೀಗೆ ಕೇಳಿದಾಗ ನಂಜುಂಡಾರಾಧ್ಯರು ಲೆನ್ಸ್ ಒರೆಸುತ್ತಿದ್ದರು. ಅವರು ನಲವತ್ತು ವರ್ಷ ಚಿತ್ರ ತೆಗೆದವರು. ಚಾರುಮತಿ ಅವರ ಬಳಿ ಆರು ವರ್ಷ ಕಲಿತು, ಆ ತಿಂಗಳಷ್ಟೇ ಹತ್ತು ಮಂದಿಗೆ ಕಲಿಸಲು ಆರಂಭಿಸಿದ್ದಳು.

"ಏನಾಯಿತು?" ಎಂದು ಕೇಳಿದರು.

"ಮೊದಲ ದಿನ ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನಲ್ಲಿ ಐವತ್ತು ದಾಟಿದ ಒಬ್ಬರು ಹೆಂಗಸು ಕೂತಿದ್ದರು. ಹೊಸ ಕ್ಯಾಮೆರಾ ತಂದಿದ್ದರು. ನಾನು ಬರೆಯುತ್ತಾ ಹೋದ ಹಾಗೆ ಅದನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಮರುದಿನ ಬರಲಿಲ್ಲ. ಆಮೇಲೆ ಇನ್ನಿಬ್ಬರು ಬಿಟ್ಟರು. ಪದಗಳನ್ನೆಲ್ಲ ಕೈಬಿಡೋಣ ಅನಿಸುತ್ತದೆ. ಕೈಬಿಟ್ಟರೆ ಏನು ಕಲಿಸಿದ ಹಾಗಾಯಿತು ಎಂದು ಭಯವಾಗುತ್ತದೆ. ನಾಳೆ ಬೆಳಿಗ್ಗೆ ಮತ್ತೆ ತರಗತಿ ಇದೆ. ಹಲಗೆಯ ಮೇಲೆ ಏನು ಬರೆಯಲಿ ಮೇಷ್ಟ್ರೇ?"

ಆರಾಧ್ಯರು ಲೆನ್ಸನ್ನು ಪಕ್ಕಕ್ಕಿಟ್ಟರು. "ಕೂತುಕೋ" ಎಂದರು. ಅವಳು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಅವನದು ಸಣ್ಣ ಸ್ಟುಡಿಯೊ. ತನ್ನ ಕೆಲಸವನ್ನು ಚೆನ್ನಾಗಿ ಬಲ್ಲವನು. ಪದಗಳನ್ನು ಬಾಯಿಪಾಠ ಮಾಡಿದವನಲ್ಲ. ಒಂದೊಂದು ಪದದ ಹಿಂದೆ ಬೆಳಕು ಏನು ಮಾಡುತ್ತದೆ ಎಂದು ತಿಳಿದುಕೊಂಡಿದ್ದ.

ಒಂದು ದಿನ ನೇಕಾರರ ಬೀದಿಯಿಂದ ಕರೆ ಬಂತು. ಅಲ್ಲಿ ಒಬ್ಬ ತಾಯಿ ಮಗಳ ಮೊದಲ ಹುಟ್ಟುಹಬ್ಬ ಮಾಡುತ್ತಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಮಗ್ಗವಿತ್ತು. ಒಂದೇ ಕಿಟಕಿ. ಬೆಳಕು ಸಾಲದೆ ಅವನು ಕ್ಯಾಮೆರಾದ ಮೇಲೆ ಫ್ಲ್ಯಾಶ್ ಹಾಕಿಕೊಂಡ. ಮಗು ನಗುತ್ತಿತ್ತು. ಕೇಕಿನ ಕೆನೆಯನ್ನು ಮೂಗಿಗೆ ಬಳಿದುಕೊಂಡಿತು. ಅವನು ಬೇಕಾದಷ್ಟು ಚಿತ್ರ ತೆಗೆದು ಹಿಂತಿರುಗಿದ.

ಮರುದಿನ ಸ್ಟುಡಿಯೊದಲ್ಲಿ ಕೂತು ಚಿತ್ರಗಳನ್ನು ತಿದ್ದತೊಡಗಿದ. ನಿನಗೆ ಗೊತ್ತಿದೆ, ಮಬ್ಬು ಕೋಣೆಯಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಫ್ಲ್ಯಾಶಿನ ಬೆಳಕು ನೇರವಾಗಿ ಒಳಗೆ ಹೋಗುತ್ತದೆ. ಹಿಂದಿನ ರಕ್ತ ತುಂಬಿದ ಪದರಕ್ಕೆ ತಾಗಿ, ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ಚಿತ್ರದಲ್ಲಿ ಪಾಪೆ ಕೆಂಪಗೆ ಕಾಣುತ್ತದೆ. ನಮ್ಮವರು ಅದನ್ನು ರೆಡ್ ಐ ಎನ್ನುತ್ತಾರೆ. ದೋಷವೆಂದು ಕಪ್ಪು ಬಣ್ಣ ತುಂಬಿಬಿಡುತ್ತಾರೆ. ಅವನೂ ಹಾಗೆಯೇ ತುಂಬುತ್ತಾ ಹೋದ. ಅದು ಕಣ್ಣು ಮುಚ್ಚಿಕೊಂಡು ಮಾಡುವಂಥ ಕೆಲಸ. ಆರು ಚಿತ್ರ ಮುಗಿದವು.

ಏಳನೆಯದರಲ್ಲಿ ಅವನ ಕೈ ನಿಂತಿತು. ಮಗುವಿನ ಬಲಗಣ್ಣು ಕೆಂಪಗಿತ್ತು. ಎಡಗಣ್ಣು ಬೆಳ್ಳಗೆ ಹೊಳೆಯುತ್ತಿತ್ತು.

ಮಗು ಬೇರೆ ಕಡೆ ನೋಡಿರಬೇಕು ಎಂದುಕೊಂಡು ಮುಂದಿನ ಚಿತ್ರ ನೋಡಿದ. ಅದರಲ್ಲಿ ಮಗು ನೇರವಾಗಿ ನೋಡುತ್ತಿತ್ತು. ಎಡಗಣ್ಣು ಬೆಳ್ಳಗಿತ್ತು. ತಾನು ಆಗಲೇ ಕಪ್ಪು ತುಂಬಿದ್ದ ಆರು ಚಿತ್ರಗಳ ಮೂಲ ಪ್ರತಿಗಳನ್ನು ತೆರೆದ. ಆರರಲ್ಲೂ ಹಾಗೆಯೇ ಇತ್ತು. ತಾಯಿಯ ಎರಡು ಕಣ್ಣೂ ಕೆಂಪು, ಅಜ್ಜಿಯ ಎರಡು ಕಣ್ಣೂ ಕೆಂಪು. ಮಗುವಿನ ಎಡಗಣ್ಣು ಮಾತ್ರ ಬಿಳಿ.

ಅವನು ಯೋಚಿಸಿದ. ಬೆಳಕು ಹಿಂದಿನ ಪದರಕ್ಕೆ ತಾಗಿದ್ದರೆ ಕೆಂಪಾಗಿಯೇ ಬರಬೇಕಿತ್ತು. ಬಂದಿಲ್ಲ. ಹಾಗಾದರೆ ನಡುವೆ ಏನೋ ಅಡ್ಡ ಇದೆ. ಏನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಆದರೆ ಏನೋ ಇದೆ ಎಂಬುದು ಗೊತ್ತಾಯಿತು.  ಅವನು ಉಳಿದ ಚಿತ್ರಗಳನ್ನು ತಿದ್ದದೆ ಹಾಗೇ ಮುದ್ರಿಸಿದ.

ಎರಡು ದಿನ ಕಳೆದು ತಾಯಿ ಬಂದಳು. ಮಗು ಸೊಂಟದ ಮೇಲಿತ್ತು. ಗಾಜಿನ ಮೇಜನ್ನು ಎರಡೂ ಕೈಯಿಂದ ತಟ್ಟುತ್ತಿತ್ತು. ತಾಯಿ ಒಂದೊಂದೇ ಚಿತ್ರ ನೋಡಿ ಹಿಗ್ಗಿದಳು. ಅವನು ಹೇಗೆ ಹೇಳಬೇಕೆಂದು ಎರಡು ದಿನವೂ ಯೋಚಿಸಿದ್ದ. ಅವಳ ಮುಖ ನೋಡಿದ ಕೂಡಲೇ ಯೋಚಿಸಿದ್ದೆಲ್ಲ ಮರೆಯಾಯಿತು.

"ನೋಡಮ್ಮ," ಎಂದ, "ಮಗುವಿನ ಎಡಗಣ್ಣಿನಲ್ಲಿ ರೆಡ್ ಐ ಬರುತ್ತಿಲ್ಲ."

"ಹಾಗಂದರೆ ಏನಣ್ಣ?"

"ಫ್ಲ್ಯಾಶ್ ಹಾಕಿದಾಗ ಎರಡೂ ಕಣ್ಣಿನಲ್ಲಿ ರೆಡ್ ರಿಫ್ಲೆಕ್ಷನ್ ಬರಬೇಕು. ಒಂದರಲ್ಲಿ ಬಂದಿದೆ, ಒಂದರಲ್ಲಿ ಇಲ್ಲ. ಒಂದು ಸಲ ತೋರಿಸಿದರೆ ಒಳ್ಳೆಯದು."

ತಾಯಿ ಮಗುವಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. "ಕಣ್ಣು ಕೆಂಪಾಗಿಲ್ಲವಲ್ಲ. ಕೆಂಪಾಗದೆ ಇರುವುದು ಒಳ್ಳೆಯದೇ ಅಲ್ಲವಾ?" ಎಂದಳು. ಅವನ ಮುಖ ಬಾಡಿದ್ದನ್ನು ಕಂಡು, ತನ್ನ ಕೆಲಸ ಕೆಟ್ಟಿತೆಂದು ನೊಂದುಕೊಂಡಿದ್ದಾನೆ ಎಂದು ಭಾವಿಸಿದಳು. "ಇರಲಿ ಬಿಡಿ ಅಣ್ಣ. ಒಂದೆರಡು ಫೋಟೊ ಹೆಚ್ಚುಕಮ್ಮಿ ಆಗುತ್ತದೆ. ಮಿಕ್ಕಿದ್ದೆಲ್ಲ ಎಷ್ಟು ಚೆನ್ನಾಗಿ ಬಂದಿದೆ!" ಎಂದು ಅವನಿಗೇ ಸಮಾಧಾನ ಹೇಳಿದಳು.

ಅವನು ತಲೆಯಾಡಿಸಿದ. ಅವಳು ಚಿತ್ರಗಳ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಬಿಸಿಲಿಗೆ ಇಳಿದಳು. ಮಗು ಅವಳ ಹೆಗಲ ಮೇಲಿಂದ ಅವನನ್ನು ನೋಡುತ್ತಾ ಹೋಯಿತು.

ಹೇಳಿದೆನಲ್ಲ, ಎಂದುಕೊಂಡ. ನಾನು ಡಾಕ್ಟರಲ್ಲ. ಕಂಡದ್ದನ್ನು ಹೇಳಿದೆ.

ಆ ವಾರವೆಲ್ಲ ಅದನ್ನೇ ಹೇಳಿಕೊಂಡ. ಆದರೂ ಊಟ ಸೇರಲಿಲ್ಲ. ಸ್ಟುಡಿಯೊಗೆ ಯಾವ ಮಗು ಬಂದರೂ ಮೊದಲು ಅದರ ಎಡಗಣ್ಣು ನೋಡುತ್ತಿದ್ದ. ನೇಕಾರರ ಬೀದಿಯ ಕಡೆ ಕೆಲಸವಿದ್ದರೆ ಸುತ್ತು ಬಳಸಿ ಹೋಗುತ್ತಿದ್ದ. ಅವಳು ತೋರಿಸಿರುತ್ತಾಳೆ ಎಂದು ಒಂದು ದಿನ ಅನಿಸುತ್ತಿತ್ತು. ತೋರಿಸಿರುವುದಿಲ್ಲ ಎಂದು ಮರುದಿನ ಅನಿಸುತ್ತಿತ್ತು. ಎರಡನೆಯ ವಾರವೂ ಹೀಗೇ ಹೋಯಿತು. ಅವಳ ಫೋನ್ ನಂಬರು ಅವನಲ್ಲಿತ್ತು. ಹಲವು ಸಲ ಕೈಗೆತ್ತಿಕೊಂಡು ಹಾಗೇ ಇಟ್ಟ. ಏನೂ ಇಲ್ಲದಿದ್ದರೆ ಒಬ್ಬ ತಾಯಿಯನ್ನು ಸುಮ್ಮನೆ ಹೆದರಿಸಿದ ಹಾಗಾಗುತ್ತದೆ ಎಂದು ಹಿಂಜರಿದ.

ಹದಿನಾರನೆಯ ದಿನ ಅವನಿಂದ ತಡೆಯಲಾಗಲಿಲ್ಲ. ಮೂಲ ಚಿತ್ರಗಳನ್ನು ತೆಗೆದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋದ. ಡಾಕ್ಟರು ಮೊದಲ ಚಿತ್ರ ನೋಡಿದರು. ಎರಡನೆಯದು ನೋಡಿದರು. ಮೂರನೆಯದು ನೋಡದೆ ಎದ್ದು ನಿಂತರು.

"ಈ ಮಗು ಎಲ್ಲಿದೆ?"

"ಏನಾಗಿದೆ ಡಾಕ್ಟರೇ?"

ಡಾಕ್ಟರು ಒಂದು ಉದ್ದನೆಯ ಹೆಸರು ಹೇಳಿದರು. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಸುಮ್ಮನೆ ತಲೆಯಾಡಿಸಿದ. ಡಾಕ್ಟರು ಅವನ ಮುಖ ನೋಡಿದರು. ಹೇಳಿದ್ದು ಮುಟ್ಟಿಲ್ಲ ಎಂದು ಕಂಡಿತು. ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತರು.

"ಕಣ್ಣಿನೊಳಗೆ ಗಡ್ಡೆ ಇರಬಹುದು. ಕ್ಯಾನ್ಸರ್ ಗಡ್ಡೆ. ಮಿದುಳಿಗೆ ಹಬ್ಬಿದರೆ ಮಗು ಉಳಿಯುವುದು ಕಷ್ಟ. ಇವತ್ತೇ ಕರೆದುಕೊಂಡು ಬನ್ನಿ," ಎಂದರು.

ಅವನು ಮೆಟ್ಟಿಲಿಳಿಯುತ್ತಲೇ ಫೋನ್ ಮಾಡಿದ. ಸ್ವಿಚ್ ಆಫ್ ಆಗಿತ್ತು. ನೇಕಾರರ ಬೀದಿಗೆ ಓಡಿದ. ಬಾಗಿಲಿಗೆ ಬೀಗ. ಮಗ್ಗದ ಸದ್ದಿಲ್ಲ. ಪಕ್ಕದ ಮನೆಯ ಮುದುಕಿ ನೂಲು ಸುತ್ತುತ್ತಾ ಕೂತಿದ್ದಳು. "ತಮ್ಮನ ಮದುವೆ ಅಂತ ತವರಿಗೆ ಹೋದಳಪ್ಪ. ಇನ್ನು ಎಂಟು ದಿನ ಬರುವುದಿಲ್ಲ," ಎಂದು ಊರಿನ ಹೆಸರು ಹೇಳಿದಳು.

ಎರಡು ಬಸ್ಸು ಬದಲಾಯಿಸಬೇಕಿತ್ತು. ಮೊದಲನೆಯದು ರೈಲ್ವೆ ಗೇಟಿನಲ್ಲಿ ನಿಂತಿತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ಅವನು ಸೀಟಿನಿಂದ ಎದ್ದು ಬಾಗಿಲಿಗೆ ಹೋದ, ಬಾಗಿಲಿನಿಂದ ಸೀಟಿಗೆ ಬಂದ. ಕಂಡಕ್ಟರು, "ಕೂತ್ಕೊಳ್ಳಿ ಸ್ವಾಮಿ, ನೀವು ನಿಂತರೆ ರೈಲು ಬೇಗ ಹೋಗುತ್ತಾ?" ಎಂದ. ಅವನು ಹದಿನಾರು ದಿನ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ.

ಅವನು ತಲುಪಿದಾಗ ಮದುವೆ ಮನೆಯಲ್ಲಿ ಚಪ್ಪರ ಹಾಕುತ್ತಿದ್ದರು. ತಾಯಿ ಹೆಂಗಸರ ನಡುವೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅವನನ್ನು ಕಂಡು ಆಶ್ಚರ್ಯದಿಂದ ಎದ್ದಳು. "ಅಣ್ಣ, ಮದುವೆ ಫೋಟೊಗೆ ನಿಮಗೇ ಹೇಳಿದ್ದಾರಾ?" ಎಂದು ನಕ್ಕಳು.

ಅವನು ಅವಳನ್ನು ಪಕ್ಕಕ್ಕೆ ಕರೆದ. "ನಿಮ್ಮ ಮಗುವಿನ ಎಡಗಣ್ಣಿನೊಳಗೆ ಗಡ್ಡೆ ಬೆಳೆಯುತ್ತಿರಬಹುದು. ಡಾಕ್ಟರು ಫೋಟೊ ನೋಡಿ ಹೇಳಿದರು. ತಡ ಮಾಡಿದರೆ ಜೀವಕ್ಕೆ ಅಪಾಯ. ಈಗಲೇ ಹೊರಡಬೇಕು," ಎಂದ.

ಈ ಸಲ ಅವಳು ಹಾಗಂದರೆ ಏನು ಎಂದು ಕೇಳಲಿಲ್ಲ. ಒಳಗೆ ಓಡಿ, ಮಲಗಿದ್ದ ಮಗುವನ್ನು ಎತ್ತಿಕೊಂಡು, ಬೆಳ್ಳುಳ್ಳಿ ಸಿಪ್ಪೆ ಸೆರಗಿಗೆ ಅಂಟಿದ್ದ ಹಾಗೇ ಹೊರಟಳು. ಅವಳ ಗಂಡ ಯಾರದೋ ಕಾರನ್ನು ಬೇಡಿ ತಂದ.

ಕಾರು ಊರು ದಾಟಿದ ಮೇಲೆ ಅವಳು ಕೇಳಿದಳು. "ಅಣ್ಣ, ಅವತ್ತು ಅಂಗಡಿಯಲ್ಲಿ ಹೇಳಿದಿರಲ್ಲ, ಅದೂ ಇದೇನಾ?"

"ಹೌದಮ್ಮ," ಎಂದ.

ಅವಳು ಮಗುವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. 

ಡಾಕ್ಟರು ಮಗುವನ್ನು ಪರೀಕ್ಷಿಸಿ, ಹೌದು ಎಂದು ಹೇಳಿ, ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎಡಗಣ್ಣನ್ನು ತೆಗೆಯಬೇಕಾಯಿತು. ರೋಗ ಕಣ್ಣಿನಿಂದಾಚೆಗೆ ಹೋಗಿರಲಿಲ್ಲ. ಮಗು ಉಳಿಯಿತು. ಇಂದು ಶಾಲೆಗೆ ಹೋಗುತ್ತಿದೆ. ಒಂದು ಕಣ್ಣು ಗಾಜಿನದು.

ಹದಿನಾರು ದಿನ ಮುಂಚೆ ಬಂದಿದ್ದರೆ ಆ ಕಣ್ಣು ಉಳಿಯುತ್ತಿತ್ತೇ ಎಂದು ಅವನು ಡಾಕ್ಟರನ್ನು ಕೇಳಿದ. ಬಹುಶಃ ಇಲ್ಲ, ಖಚಿತವಾಗಿ ಹೇಳಲಾರೆ ಎಂದರು ಅವರು. ಆ ಉತ್ತರ ಅವನಿಗೆ ಸಾಲಲಿಲ್ಲ. ಬೇರೆ ಉತ್ತರ ಯಾರ ಬಳಿಯೂ ಇರಲಿಲ್ಲ. ಆ ತಾಯಿ ಮಾತ್ರ ಅವನನ್ನು ಎಂದೂ ದೂರಲಿಲ್ಲ. ಮಗಳ ಜೀವ ಉಳಿಸಿದವರು ಎಂದು ಕಂಡವರಿಗೆಲ್ಲ ಹೇಳುತ್ತಾಳೆ. ಅವಳು ಹಾಗೆ ಹೇಳಿದಾಗಲೆಲ್ಲ ಅವನು ನೆಲ ನೋಡುತ್ತಾನೆ.

ಆರಾಧ್ಯರು ಕತೆ ನಿಲ್ಲಿಸಿದರು.

 "ಮೇಷ್ಟ್ರೇ, ನನಗೆ ಇನ್ನೂ ಇಕ್ಕಟ್ಟಾಯಿತು," ಎಂದಳು ಚಾರುಮತಿ. "ಆ ಪದ ಏನೆಂದು ತಿಳಿದಿದ್ದರಿಂದಲೇ ಅವನು ಮಗುವಿನ ಕಣ್ಣನ್ನು ಗಮನಿಸಿದ. ಹಾಗಾದರೆ ಪದ ಬೇಕು. ಅದೇ ಪದದಿಂದ ಆ ತಾಯಿ ಏನೂ ತಿಳಿಯದೆ ಮನೆಗೆ ಹೋದಳು. ಹಾಗಾದರೆ ಬೇಡ. ಅವಳಿಗೆ ಅರ್ಥವಾಗುವ ಮಾತು ಆ ದಿನ ಅವನಿಗೆ ಹೊಳೆಯದೆ ಹೋದದ್ದು ಪದದ ತಪ್ಪೇ ಅಲ್ಲವೇ?"

"ಅವಳಿಗೆ ಅರ್ಥವಾಗಿಲ್ಲ ಎಂಬುದು ಅವನಿಗೆ ಆ ದಿನವೇ ಅರ್ಥವಾಗಿತ್ತು," ಎಂದರು ಆರಾಧ್ಯರು. "ಆದರೂ ಆ ಡಾಕ್ಟರ ಹಾಗೆ ಎದುರಿಗೆ ಕೂತು ಇನ್ನೊಮ್ಮೆ ಹೇಳಲಿಲ್ಲ."

ಚಾರುಮತಿ ಫೋನ್ ತೆಗೆದು, ಹಿಂದಿನ ಸಾಲಿನಲ್ಲಿ ಕೂತಿದ್ದ ಆ ಹೆಂಗಸಿನ ನಂಬರು ಹುಡುಕತೊಡಗಿದಳು.