ಗಾಳೆಮ್ಮನ ಒದ್ದೆ ಹುಟ್ಟು

ತುಂಗಭದ್ರೆಯ ದಂಡೆಯಲ್ಲಿ ಅಂಬಿಗರ ಒಂದು ಕೇರಿ. ಅಲ್ಲಿ ಗಾಳೆಮ್ಮ ಎಂಬ ಹೆಂಗಸಿದ್ದಳು. ಹರಿಗೋಲು ಹೆಣೆಯುವುದರಲ್ಲಿ ಅವಳದು ಎತ್ತಿದ ಕೈ. ಬಿದಿರು ಸೀಳಿ, ದೊಡ್ಡ ಬುಟ್ಟಿಯ ಹಾಗೆ ಹೆಣೆದು, ಹೊರಮೈಗೆ ಡಾಂಬರು ಬಳಿದು ಅವಳು ಕೊಟ್ಟ ಹರಿಗೋಲಿನೊಳಗೆ ಒಂದು ಹನಿ ನೀರು ಒಸರಿದ್ದಿಲ್ಲ. ಆದರೆ ಅದನ್ನು ಅವಳು ಹೊಳೆಯಲ್ಲಿ ನಡೆಸುವ ಹಾಗಿರಲಿಲ್ಲ. ನೀರು ತಳ್ಳುವ ಹುಟ್ಟು ಒಣಗಿದ್ದರೆ ಹೆಂಗಸರು ಹೊರಬಹುದು, ಒರೆಸಿ ಮೂಲೆಗೆ ಇಡಬಹುದು. ಒದ್ದೆ ಹುಟ್ಟನ್ನು ಮಾತ್ರ ಮುಟ್ಟಬಾರದು. ಅದು ಕೇರಿಯ ಕಟ್ಟಳೆ. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಾರಣ ಗೊತ್ತಿಲ್ಲದ ಕಟ್ಟಳೆಗೇ ಗಂಟು ಹೆಚ್ಚು ಬಿಗಿ ನೋಡಿ.

ಹಾಗಂತ ಅವಳಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಗಂಡುಮಕ್ಕಳಿಲ್ಲದ ಅಪ್ಪ ತವರಿನ ಹೊಳೆಯಲ್ಲಿ ಅವಳಿಗೇ ಕಲಿಸಿದ್ದ. "ನೀರಿನ ಕೂಡ ಜಗಳಾ ಆಡಬ್ಯಾಡವ್ವ, ಅದನ್ನ ಮಡಿಲಿಗೆ ಎಳಕೊ" ಎನ್ನುತ್ತಿದ್ದ. ಈ ಕೇರಿಗೆ ಸೊಸೆಯಾಗಿ ಬಂದ ಮೇಲೆ ಅವಳು ಒದ್ದೆ ಹುಟ್ಟನ್ನು ಹಿಡಿದದ್ದು ಕನಸಿನಲ್ಲಿ ಮಾತ್ರ. ಕನಸಿನಲ್ಲಿ ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು. ಗಡಿಗೆ ಪೇರಿಸಿಟ್ಟಂಥ ಬಂಡೆಗುಡ್ಡಗಳೂ ಅವಳ ಸುತ್ತ ಮೆಲ್ಲಗೆ ತಿರುಗುತ್ತಿದ್ದವು. ಬೆಳಗ್ಗೆ ಎದ್ದಾಗ ಅಂಗೈ ಬಿಸಿಯಾಗಿರುತ್ತಿತ್ತು.

ಕೇರಿಯವರು ಹೊಳೆ ದಾಟಿಸುವ ಕಡವಿಗೆ ದೂರದೇಶದ ಜನ ಬರುತ್ತಿದ್ದರು. ಕೇರಿಯ ಹೆಂಗಸರು ಅವರಿಗೆ ಬಾಳೆಹಣ್ಣು, ಎಳನೀರು ಮಾರುತ್ತಿದ್ದರು. ಕೈಸನ್ನೆಯಲ್ಲಿ ಎಷ್ಟು ದಿನ ವ್ಯಾಪಾರ ಮಾಡುತ್ತೀರಿ ಎಂದು ಗವಿಸಿದ್ದಪ್ಪ ಮಾಸ್ತರು ದಂಡೆಯ ಕಲ್ಲುಮಂಟಪದಲ್ಲಿ ದಿನಾ ಒಂದು ತಾಸು ಅವರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಮಾಸ್ತರು ನಿವೃತ್ತರು, ಕಿವಿ ಮಂದ, ಸಿಟ್ಟು ಎಂಬುದೇ ಇಲ್ಲ. ಪಾಠ ಮುಗಿದ ಮೇಲೆ ಯಾರದಾದರೂ ಹರಿಗೋಲಿನಲ್ಲಿ ಹೊಳೆಯ ನಡುವಿನ ಹಾಸುಬಂಡೆಗೆ ಹೋಗಿ, ಕಾಲು ನೀರಿಗೆ ಇಳಿಬಿಟ್ಟು ನೋಟ್‌ಬುಕ್ಕು ತಿದ್ದುವುದು ಅವರ ಒಂದು ಖಯಾಲಿ.

ಒಂದು ದಿನ ಮಾಸ್ತರು ನಾಲ್ಕು ಸಣ್ಣ ಪದ ಹೇಳಿಕೊಟ್ಟರು.

"ಕ್ಯಾನ್ ಅಂದ್ರ ಕೈಲಾಗ್ತೈತಿ. ಮೇ ಅಂದ್ರ ಅಪ್ಪಣೆ ಐತಿ. ಶುಡ್ ಅಂದ್ರ ಮಾಡಿದ್ರ ಚಲೋ. ಮಸ್ಟ್ ಅಂದ್ರ ಮಾಡ್ಲೇಬೇಕು. ನಮ್ಮ ಮಾತಿನ್ಯಾಗ ಇವು ಕೆಲಸದ ಬೆನ್ನಿಗೆ ಅಂಟಿಕೊಂಡು ಬರ್ತಾವ. ಹೋಗಬಹುದು, ಹೋಗಬೇಕು ಅಂತೀವಿ. ಇಂಗ್ಲಿಷಿನ್ಯಾಗ ಇವು ಮುಂದ ನಡೀತಾವ, ಕೆಲಸದ ಪದ ಹಿಂದ ಬರ್ತೈತಿ. ಆದ್ರ ಕೆಲಸದ ಪದ ಬರಿಗೈಲೆ ಬರಬೇಕು. ಬಳಿ ಇಲ್ಲ, ಕಾಲುಂಗುರ ಇಲ್ಲ, ಬಾಲಾನೂ ಇಲ್ಲ. ಈಗ ಒಬ್ಬೊಬ್ರು ಒಂದೊಂದು ಖರೇ ಮಾತು ಹೇಳ್ರಿ."

ಒಬ್ಬಳು ತಾನು ಅಡುಗೆ ಮಾಡಬಲ್ಲೆ ಎಂದಳು. ಇನ್ನೊಬ್ಬಳು ಗಂಡ ಬೀಡಿ ಬಿಡಲೇಬೇಕು ಎಂದಳು. ಗಾಳೆಮ್ಮನ ಸರದಿ ಬಂದಾಗ ಅವಳು ಹೊಳೆಯ ಕಡೆ ನೋಡುತ್ತ, ನಿದ್ದೆಯಲ್ಲಿದ್ದವಳ ಹಾಗೆ ಹೇಳಿದಳು: "ಐ ಕ್ಯಾನ್ ಟು ರೋ."

ನಾನು ಹುಟ್ಟು ಹಾಕಬಲ್ಲೆ ಎಂದು ಅದರ ಅರ್ಥ. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಮಾಸ್ತರು ನಗಲಿಲ್ಲ.

"ಮಾತು ಖರೇ ಐತಿ ಗಾಳೆಮ್ಮ. ಆದ್ರ ನಡುವ 'ಟು' ಯಾಕ ನಿಂತೈತಿ? ಕ್ಯಾನ್ ಮತ್ತ ರೋ, ಎರಡರ ನಡುವ ಯಾರೂ ನಿಲ್ಲಬಾರದು. ನಾಳೆ ತಿದ್ದಿಕೊಂಡು ಬಾ."

ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಪದಗಳನ್ನೇ ಗುನುಗಿದಳು. ಎಷ್ಟು ಸಲ ಹೇಳಿದರೂ ನಡುವೆ ಅದು ಬಂದು ನಿಲ್ಲುತ್ತಲೇ ಇತ್ತು.

ಅದೇ ವಾರ ಅವಳ ಗಂಡ ಪಂಪಣ್ಣ ಪಾಚಿಗಲ್ಲಿನ ಮೇಲೆ ಜಾರಿ ಬಲಗೈ ಮುರಿದುಕೊಂಡ. ಅವರ ಹರಿಗೋಲು ದಂಡೆಯ ಮೇಲೆ ಬೋರಲಾಗಿ ಮಲಗಿತು. ಗಾಳೆಮ್ಮ ಅದರ ಬೆನ್ನು ಸವರಿ ಬರುತ್ತಿದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಪಾಠ ಮುಗಿದು, ಮಾಸ್ತರು ನೋಟ್‌ಬುಕ್ಕಿನ ಗಂಟು ಹಿಡಿದು ಹಾಸುಬಂಡೆಗೆ ಹೋಗಿ ಕೂತಿದ್ದರು. ಅವರನ್ನು ಇಳಿಸಿದ ಹರಿಗೋಲು ದಂಡೆಗೆ ಮರಳಿತ್ತು. ಬಿಸಿಲಿಗೆ ದಂಡೆಯೆಲ್ಲ ತೂಕಡಿಸುತ್ತಿತ್ತು. ಆಗ ಮೇಲಿನ ಅಣೆಕಟ್ಟೆಯ ಸೈರನ್ ಕೂಗಿತು. ಆ ವರ್ಷದ ಮೊದಲ ಹೊಸ ನೀರು ಬಿಟ್ಟಿದ್ದರು. ದಂಡೆಯವರಿಗೆಲ್ಲ ಕೇಳಿಸಿತು, ಮಾಸ್ತರಿಗೆ ಕೇಳಿಸಲಿಲ್ಲ. ಕೆಂಪು ನೀರು ಬಂಡೆಯ ಸುತ್ತ ಸದ್ದಿಲ್ಲದೆ ಏರಿತು. ಅವರು ತಲೆ ಎತ್ತುವ ಹೊತ್ತಿಗೆ ಮೊಣಕಾಲ ಮಟ್ಟಕ್ಕೆ ಬಂದಿತ್ತು.

ಅಂಬಿಗರು ಓಡಿ ಬಂದರು. ಬಂದವರು ದಂಡೆಯಲ್ಲೇ ನಿಂತರು. ಯಾಕೆಂದರೆ ಅಲ್ಲಿ ಇನ್ನೊಂದು ಕಟ್ಟಳೆಯಿತ್ತು. ಹೊಸ ನೀರು ಬಂದಾಗ ಹಿರಿಯನಾದ ಯಂಕೋಬಜ್ಜ ಕಾಯಿ ಒಡೆದು ಮೊದಲು ನೀರಿಗೆ ಇಳಿಯಬೇಕು. ಆಮೇಲೆ ಉಳಿದವರು. ಯಂಕೋಬಜ್ಜ ಪಕ್ಕದೂರಿಗೆ ಬಸುರಿ ಮೊಮ್ಮಗಳ ಕುಬಸದ ಶಾಸ್ತ್ರಕ್ಕೆ ಹೋಗಿದ್ದ.

"ಅಜ್ಜ ಇದ್ದಿದ್ರ ಹೋಗಬಹುದಿತ್ತು" ಎಂದ ಒಬ್ಬ.

"ಹೋಗಬೇಕು ಖರೆ, ಕಾಯಿ ಒಡದಿಲ್ಲಲ್ಲ" ಎಂದ ಇನ್ನೊಬ್ಬ.

"ಅಜ್ಜಗ ಫೋನ್ ಹಚ್ಚ್ರಿ" ಎಂದ ಮತ್ತೊಬ್ಬ. ಹಚ್ಚಿದರು. ಕುಬಸದ ಮನೆಯ ಗದ್ದಲದಲ್ಲಿ ಅಜ್ಜನಿಗೆ ಅದು ಕೇಳಿಸಬೇಕಲ್ಲ.

ಅವರೇನು ಹೇಡಿಗಳಲ್ಲ. ಎಂಥೆಂಥ ಸುಳಿಯಲ್ಲೂ ಹರಿಗೋಲು ತೇಲಿಸಿದವರು. ಆದರೆ ಕೈಕಾಲು ಗಟ್ಟಿಯಿದ್ದವರನ್ನೂ ಒಂದು ತೆಂಗಿನಕಾಯಿ ಕಟ್ಟಿಹಾಕಿತ್ತು. ನೀರು ಮಾಸ್ತರ ಸೊಂಟಕ್ಕೆ ಬಂತು. ಅವರ ಕೈಯಿಂದ ಗಂಟು ಜಾರಿತು. ನೋಟ್‌ಬುಕ್ಕುಗಳು ಒಂದೊಂದಾಗಿ ತೇಲಿಕೊಂಡು ದಂಡೆಯ ಕಡೆ ಬಂದವು.

ಗಾಳೆಮ್ಮನಿಗೆ ಎಲ್ಲವೂ ಅವಳ ಕನಸಿನ ಹಾಗೇ ಕಂಡಿತು. ಹೊಳೆ ಮೆಲ್ಲಗೆ ತಿರುಗುತ್ತಿತ್ತು. ಜನರ ಮಾತು ಬಹಳ ದೂರದಿಂದ ಕೇಳುತ್ತಿತ್ತು. ಕಾಲ ಬಳಿ ಬಂದ ಒಂದು ನೋಟ್‌ಬುಕ್ಕು ಅವಳದೇ ಆಗಿತ್ತು. ಹಾಳೆಯ ಮೇಲೆ ಶಾಯಿ ಕಲಸಿಹೋಗುತ್ತಿತ್ತು. ಅವಳು ತಲೆ ಎತ್ತಿದಳು. ತನ್ನ ಹರಿಗೋಲಿಗೂ ನೀರಿಗೂ ನಡುವೆ ಎಂಟು ಹತ್ತು ಗಂಡಸರು ಸಾಲಾಗಿ ನಿಂತಿದ್ದರು.

"ಸರೀರಿ" ಎಂದಳು.

ಅವರು ಸರಿದರು. ಯಾಕೆ ಸರಿದೆವೆಂದು ಆಮೇಲೆ ಅವರಿಗೇ ತಿಳಿಯಲಿಲ್ಲ. ಅವಳು ಹರಿಗೋಲನ್ನು ಬೆನ್ನಿಗೆ ಹೊತ್ತಳು. ಪಂಪಣ್ಣ ಎದುರಿಗೆ ಬಂದ. ತಡೆಯುತ್ತಾನೇನೋ ಎಂದುಕೊಂಡಳು. ಅವನು ಎಡಗೈಯಲ್ಲಿ ಹುಟ್ಟನ್ನು ಚಾಚಿದ.

"ಮ್ಯಾಲಿನ ಅತ್ತಿಗಿಡದ ತನಕ ಹೊತಗೊಂಡು ಹೋಗು. ಅಲ್ಲಿಂದ ಇಳಿ. ನೀರೇ ನಿನ್ನ ಬಂಡೆಗೆ ಮುಟ್ಟಸ್ತೈತಿ" ಎಂದ. ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅತ್ತಿಮರದ ಬುಡದಲ್ಲಿ ಹರಿಗೋಲು ನೀರಿಗೆ ಬಿತ್ತು. ಮೊದಲ ಸೆಳೆತಕ್ಕೇ ಅದು ಗಿರ್ರನೆ ತಿರುಗಿತು. ಆಕಾಶ, ಬಂಡೆ, ದಂಡೆಯ ಜನ ಎಲ್ಲ ಒಂದಾಗಿಹೋಯಿತು. ಗಾಳೆಮ್ಮ ಹೆದರಿದಳು. ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಅಪ್ಪನ ಮಾತು ನೆನಪಾಯಿತು. ಜಗಳ ಬಿಟ್ಟು ನೀರನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಸಲ, ಎರಡು ಸಲ, ಮತ್ತೆ ಮತ್ತೆ. ತಿರುಗುವುದು ನಿಂತಿತು. ಹರಿಗೋಲು ಓರೆಯಾಗಿ ತೇಲಿ ಬಂದು ಹಾಸುಬಂಡೆಯನ್ನು ಉಜ್ಜಿತು. ಎದೆಮಟ್ಟದ ನೀರಿನಲ್ಲಿದ್ದ ಮಾಸ್ತರನ್ನು ಅವಳು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.

"ನೋಟ್‌ಬುಕ್ಕು ಎಲ್ಲಾ ಹೋದುವಲ್ಲ ಗಾಳೆಮ್ಮ" ಎಂದರು ಮಾಸ್ತರು, ಹಲ್ಲು ಕಟಕಟ ಎನ್ನುತ್ತ.

"ಹೋಗ್ಲಿ ಬಿಡ್ರಿ ಸರ. ಗಟ್ಟಿ ಕುಂದರ್ರಿ."

ಅರ್ಧ ಹರದಾರಿ ಕೆಳಗೆ, ಮರಳ ದಂಡೆಗೆ ಅವರು ಸೇರಿದರು.

ಸಂಜೆಗೆ ಯಂಕೋಬಜ್ಜ ಬಂದ. ಕೇರಿಯೆಲ್ಲ ಹೊಳೆದಂಡೆಯ ಕಟ್ಟೆಯ ಮುಂದೆ ಕೂಡಿತು. ಎರಡು ಕಟ್ಟಳೆ ಒಂದೇ ದಿನ ಮುರಿದಿದ್ದವು. ಅಜ್ಜ ಏನು ಹೇಳುತ್ತಾನೋ ಎಂದು ಗಾಳೆಮ್ಮ ತಲೆ ತಗ್ಗಿಸಿ ನಿಂತಿದ್ದಳು. ಕೇರಿಯಿಂದ ಹೊರಗಿಟ್ಟರೆ ಕೈ ಮುರಿದ ಗಂಡನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

"ಕಾಯಿ ಒಡಿಯೂ ಮುಂಚೆ ನೀರಿಗೆ ಇಳಿದವರು ಯಾರು?" ಅಜ್ಜ ಕೇಳಿದ.

"ನಾನ್ರಿ ಅಜ್ಜ."

ಅಜ್ಜ ಅವಳ ಕೈಯಲ್ಲಿದ್ದ ಹುಟ್ಟನ್ನು ಮುಟ್ಟಿ ನೋಡಿದ. ಇನ್ನೂ ಒದ್ದೆಯಿತ್ತು. ಅವನು ಗಂಡಸರ ಕಡೆ ತಿರುಗಿದ.

"ಇಷ್ಟು ವರ್ಷ ಕಾಯಿ ನಾ ಯಾಕ ಒಡೀತಿದ್ದೆ, ಗೊತ್ತೈತೇನ್ರೋ? ಹಿರಿಯ ಅಂತಲ್ಲ. ಹೊಸ ನೀರಿಗೆ ಮೊದಲು ಇಳಿಯೂ ಧೈರ್ಯ ಮಾಡಿದವರು ಒಡೀಬೇಕು ಅಂತ ನಮ್ಮಪ್ಪ ಹೇಳಿದ್ದ. ಪ್ರತಿ ಸಲ ನಾ ಇಳಿದೆ, ನಾ ಒಡದೆ. ನೀವು ಇಳಿಯೂದು ಮರೆತ್ರಿ, ಕಾಯಿ ಒಂದು ನೆನಪಿಟ್ರಿ."

ಹಾಗೆಂದು ಹೆಗಲ ಚೀಲದಿಂದ ಕುಬಸದ ಮನೆಯಲ್ಲಿ ಕೊಟ್ಟಿದ್ದ ತೆಂಗಿನಕಾಯಿ ತೆಗೆದು ಗಾಳೆಮ್ಮನ ಕೈಗೆ ಇಟ್ಟ.

"ಒಡಿಯವ್ವ. ಈ ವರ್ಷ ನಿಂದು."

"ಒದ್ದಿ ಹುಟ್ಟು?" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಆಕಿ ಕೈಯಾಗ ಐತಲ್ಲ, ಕಣ್ಣಿಗೆ ಕಾಣವಲ್ದೇನು?" ಎಂದ ಅಜ್ಜ.

ಕಾಯಿ ಎರಡು ಹೋಳಾಯಿತು. ಕಾಯಿಯ ನೀರು ಹೊಳೆಯ ಹೊಸ ನೀರಿಗೆ ಬೆರೆಯಿತು.

ಮರುದಿನ ಮಂಟಪದಲ್ಲಿ ಮಾಸ್ತರು ಕಂಬಳಿ ಹೊದ್ದು ಸೀನುತ್ತ ಪಾಠಕ್ಕೆ ಕೂತಿದ್ದರು. ಹಳೆಯ ಲೆಕ್ಕ ಬಾಕಿಯಿದೆ ಎಂಬಂತೆ ಗಾಳೆಮ್ಮನ ಕಡೆ ನೋಡಿದರು. ಅವಳು ಎದ್ದು ನಿಂತಳು. ಹೊಳೆಯ ಕಡೆ ನೋಡಲಿಲ್ಲ, ಎದುರಿಗಿದ್ದವರನ್ನೇ ನೋಡಿ ಹೇಳಿದಳು:

"ಐ ಕ್ಯಾನ್ ರೋ."

ನಡುವೆ ಏನೂ ನಿಂತಿರಲಿಲ್ಲ. ಆ ದಿನ ಯಾರೂ ನಗಲಿಲ್ಲ.

ನೀತಿ: ಬಲ್ಲೆ, ಬಹುದು, ಬೇಕು ಎಂಬ ಮಾತುಗಳು ದಾರಿ ತೋರಿಸುತ್ತವೆ, ಹೊಳೆ ದಾಟಿಸುವುದಿಲ್ಲ. ದಾಟಿಸುವುದು ಅವುಗಳ ಹಿಂದೆ ಬರುವ ಕೆಲಸ. ಬಲ್ಲವರಿಗೂ ಅವರು ಮಾಡಬೇಕಾದ ಕೆಲಸಕ್ಕೂ ನಡುವೆ, ಕಾರಣ ಮರೆತ ಕಟ್ಟಳೆಯನ್ನು ನಿಲ್ಲಿಸಬಾರದು.