ಬಿಟ್ಟುಕೊಡದ ತಟ್ಟೆ

"ಪೆಪ್ಟೈಡು ಕಾಣಲಿಲ್ಲ ಎಂದಮೇಲೆ ಇಲ್ಲವೆಂದೇ ಅಲ್ಲವೇ ಸರ್? ಮತ್ತೆ ಇನ್ನೊಂದು ಪರೀಕ್ಷೆ ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ರಕ್ತ ಪರೀಕ್ಷೆಯ ತಟ್ಟೆ 'ಏನೂ ಇಲ್ಲ' ಎಂದರೆ, ಗೊತ್ತಿರುವ ಪೆಪ್ಟೈಡಿನ ಒಂದು ಹನಿಯನ್ನು ಅದರ ಮೇಲಿಟ್ಟು ನೋಡಬೇಕು. ಅದೂ ಕಾಣದಿದ್ದರೆ ದೋಷ ತಟ್ಟೆಯದು. ಇದು ನಿಯಮ. ಈ ಕತೆಯಲ್ಲಿ ಎಲ್ಲರೂ ಇದನ್ನು ಮುರಿದರು.

ಒಬ್ಬ ತಟ್ಟೆ ಮಾಡುವವನಿದ್ದ. ರಕ್ತದ ಹನಿಯಲ್ಲಿ ರೋಗದ ಸುಳಿವು ಕೊಡುವ ಪೆಪ್ಟೈಡುಗಳನ್ನು, ಅಂದರೆ ಪ್ರೋಟೀನಿನ ತುಣುಕುಗಳನ್ನು, ಲೇಸರಿನಿಂದ ಎಬ್ಬಿಸಿ ತೂಗುವ ಯಂತ್ರಕ್ಕೆ ಅವನ ತಟ್ಟೆ. ಉಳಿದವರು ಹನಿಗೆ ಬೆಳಕು ಹೀರುವ ಪುಡಿ ಬೆರೆಸುತ್ತಿದ್ದರು. ಪುಡಿಯ ಗದ್ದಲದಲ್ಲಿ ಸಣ್ಣ ಪೆಪ್ಟೈಡುಗಳು ಮುಚ್ಚಿಹೋಗುತ್ತಿದ್ದವು. ಇವನು ಸಿಲಿಕಾನಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡಿದ. ಪುಡಿ ಬೇಕಾಗಲಿಲ್ಲ, ತಟ್ಟೆಯೇ ಬೆಳಕು ಹೀರಿ ಪೆಪ್ಟೈಡನ್ನು ಮೇಲೆಬ್ಬಿಸಿತು. ಹತ್ತು ವರ್ಷ ಅವನಿಗೆ ಬೇರೆ ಧ್ಯಾನವಿರಲಿಲ್ಲ. ಹನಿ ಇನ್ನೂ ಚೆನ್ನಾಗಿ ನಿಲ್ಲಲಿ ಎಂದು ಒಂದು ಸಲ ರಂಧ್ರಗಳನ್ನು ಆಳ ಮಾಡಿದ.

ಆ ಆಳದ ತಟ್ಟೆಗಳು ಬಂದ ಹೊಸದರಲ್ಲಿ ಒಬ್ಬ ದರ್ಜಿ ಹೆಂಗಸಿನ ರಕ್ತ ಪರೀಕ್ಷೆಗೆ ಬಂತು. ತಟ್ಟೆ ಏನೂ ಇಲ್ಲ ಎಂದಿತು. ಯಂತ್ರ ನಡೆಸುವವನಿಗೆ ಅವಸರ, ವೈದ್ಯನಿಗೆ ನಂಬಿಕೆ, ತಟ್ಟೆ ಮಾಡಿದವನಿಗೆ ಹೆಮ್ಮೆ. ಯಾರೂ ಆ ಗೊತ್ತಿರುವ ಹನಿ ಇಟ್ಟು ನೋಡಲಿಲ್ಲ.

"ಏನೂ ಇಲ್ಲಮ್ಮ, ಆರಾಮಾಗಿರಿ" ಎಂದ ವೈದ್ಯ.

"ಹಂಗಾದ್ರೆ ಮಗಳ ಮದುವೆ ರವಿಕೆ ನಾನೇ ಹೊಲೀತೀನಿ ಡಾಕ್ಟ್ರೇ. ಆ ಪೇಟೆ ಟೈಲರಿಗೆ ಕೊಟ್ರೆ ಎರಡು ತೋಳೂ ಎರಡು ಥರ!" ಎಂದು ಅವಳು ನಕ್ಕಳು.

ಐದು ತಿಂಗಳಿಗೆ, ತಟ್ಟೆ ಇಲ್ಲವೆಂದ ಅದೇ ರೋಗದಿಂದ ತೀರಿಕೊಂಡಳು. ರವಿಕೆಯ ಒಂದು ತೋಳು ಹೊಲಿಯುವುದು ಉಳಿದೇ ಇತ್ತು.

ಸುದ್ದಿ ಕೇಳಿದ ದಿನ ತಟ್ಟೆಯವನು ಅದೇ ಬ್ಯಾಚಿನ ಒಂದು ತಟ್ಟೆ ತೆಗೆದು, ಗೊತ್ತಿರುವ ಹನಿಯನ್ನು ಇಟ್ಟ. ಯಂತ್ರ ಏನೂ ಇಲ್ಲ ಎಂದಿತು. ಆಳದ ರಂಧ್ರಗಳು ಪೆಪ್ಟೈಡನ್ನು ಹಿಡಿದುಕೊಂಡಿದ್ದವು, ಬಿಟ್ಟಿರಲಿಲ್ಲ. ಅವನು ಆ ಬ್ಯಾಚಿನಲ್ಲಿ ಪರೀಕ್ಷೆಯಾದವರ ಪಟ್ಟಿ ತೆಗೆದು ಎಣಿಸಿದ. ಅದೇ ಮಾತು ಕೇಳಿಸಿಕೊಂಡು ನೆಮ್ಮದಿಯಿಂದ ಮನೆಗೆ ಹೋದವರು ಇನ್ನೂ ನಲವತ್ತು ಜನ ಇದ್ದರು.

"ರಕ್ತವೇ ಕೆಟ್ಟಿತ್ತು ಅಂತ ಬರೆದುಬಿಡಯ್ಯ" ಎಂದ ಸಂಸ್ಥೆಯ ಮುಖ್ಯಸ್ಥ. "ಹತ್ತು ವರ್ಷದ ಕೆಲಸ ನಿಂದು. ಸತ್ತವಳು ಎದ್ದು ಬರ್ತಾಳಾ?"

ಅವನು ಹಾಗೆ ಬರೆಯಲಿಲ್ಲ. 'ರಕ್ತ ಚೆನ್ನಾಗಿತ್ತು. ನನ್ನ ತಟ್ಟೆ ಬಿಟ್ಟುಕೊಡಲಿಲ್ಲ. ನಾನು ಪರೀಕ್ಷಿಸಿರಲಿಲ್ಲ' ಎಂದು ಬರೆದ. ಆ ಕಾಗದ ಹಿಡಿದು ಮೊದಲು ಅವಳ ಮಗಳ ಮನೆಗೆ ಹೋದ. ಆಮೇಲೆ ಉಳಿದ ನಲವತ್ತು ಮನೆಗಳಿಗೂ ತಾನೇ ನಡೆದ.

"ಮಗಳು ಏನಂದಳು ಸರ್?" ಎಂದ ಶಿಷ್ಯ.

"ಏನೂ ಅನ್ನಲಿಲ್ಲ. ಆದರೆ ತಟ್ಟೆಯವನು ಈ ಸಲ ಆ ಮೌನವನ್ನು 'ಏನೂ ಇಲ್ಲ' ಎಂದು ಓದಲಿಲ್ಲ."